ಆಡಿದ ಬಯಲು ಉತಾರದಲ್ಲಿ ಮೈದಾನವಾದದ್ದು

ಗದಗ ಜಿಲ್ಲೆಯ ನಮ್ಮೂರಿನ ಹೊರಗೆ ನಾಲ್ಕು ಎಕರೆ ಬಯಲಿದೆ. ನಾವು ಅಲ್ಲಿ ಕ್ರಿಕೆಟ್ ಆಡಿದ್ದೇವೆ, ಫುಟ್‌ಬಾಲ್ ಆಡಿದ್ದೇವೆ. ನಮಗಿಂತ ಹಿರಿಯರೂ ಆಡಿದ್ದಾರೆ. 2025ರಲ್ಲಿ ಆ ಜಾಗದ ಉತಾರದ, ಅಂದರೆ ಪಹಣಿಯ, ಕಾಲಂ 11ರಲ್ಲಿ ‘ಸಾರ್ವಜನಿಕ ಆಟದ ಮೈದಾನಕ್ಕಾಗಿ ಕಾಯ್ದಿರಿಸಿದೆ’ ಎಂಬ ಸಾಲು ಬಂದಿದೆ. ಆ ಒಂದು ಸಾಲಿಗಾಗಿ 2023ರ ದಸರಾದಿಂದ 2025ರ ಬೇಸಿಗೆವರೆಗೆ ಓಡಾಡಿದೆವು. ಇಂಥದ್ದೊಂದು ಬಯಲು ನಿಮ್ಮೂರಲ್ಲೂ ಇರುತ್ತದೆ. ಊರವರ ಬಾಯಲ್ಲಿ ಅದು ಮೈದಾನ, ಕಾಗದದಲ್ಲಿ ಬೇರೇನೋ. ನಮ್ಮ ಹಾಗೆ ಕಚೇರಿಯಿಂದ ಕಚೇರಿಗೆ ಕೇಳುತ್ತಾ ತಿರುಗುವುದು ನಿಮಗೆ ತಪ್ಪಲಿ ಎಂದು ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಮೊದಲು ಆ ಜಾಗದ ಬಗ್ಗೆ ಹೇಳಬೇಕು. ನಮ್ಮೂರಿನ ಸುತ್ತ ಎಲ್ಲ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದರೆ ಎರಿ ಮಣ್ಣು ಅಂಗಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಜೋಳ ಕೊಯ್ದ ಹೊಲದಲ್ಲಿ ಆಡೋಣವೆಂದರೆ ಕೂಳೆ ಕಾಲಿಗೆ ಚುಚ್ಚುತ್ತದೆ. ಚೆಂಡು ಬಿರುಕಿಗೆ ಬಿದ್ದರೆ ಅಲ್ಲಿಗೆ ಆಟ ಮುಗಿದಂತೆ. ಈ ನಾಲ್ಕು ಎಕರೆ ಮಾತ್ರ ಮಸಾರಿ, ಅಂದರೆ ಕೆಂಪು ಮಣ್ಣು. ನೀರು ಇಂಗಿ ಹೋಗುತ್ತದೆ, ಮಳೆ ನಿಂತು ತಾಸು ಕಳೆದರೆ ಆಡಬಹುದು. ಹಾಗಾಗಿ ಬೇಸಿಗೆಯಲ್ಲಿ ಕ್ರಿಕೆಟ್ಟಿಗೂ ಮಳೆಗಾಲದಲ್ಲಿ ಫುಟ್‌ಬಾಲಿಗೂ ನಮಗೆ ಇದೊಂದೇ ಜಾಗ.

ನಮ್ಮ ಮೊದಲ ಬ್ಯಾಟನ್ನು ಬಡಿಗ ಕಾಕಾ ಬೇವಿನ ಹಲಗೆಯಲ್ಲಿ ಕೆತ್ತಿ ಕೊಟ್ಟಿದ್ದರು. ಸಿಕ್ಕಾಪಟ್ಟೆ ಭಾರ. ಸಣ್ಣ ಹುಡುಗರಿಗೆ ಎರಡೂ ಕೈಯಲ್ಲಿ ಎತ್ತಲು ಆಗುತ್ತಿರಲಿಲ್ಲ. ಟಾಸಿಗೆ ನಾಣ್ಯ ಎಲ್ಲಿಂದ ಬರಬೇಕು? ಹಂಚಿನ ಚೂರಿನ ಒಂದು ಬದಿಗೆ ಉಗುಳು ಹಚ್ಚಿ ‘ಹಸಿಯೋ ಒಣವೋ’ ಎಂದು ಮೇಲಕ್ಕೆ ಹಾರಿಸುತ್ತಿದ್ದೆವು. ಉದ್ದ ಕಾಲಿನವನು 22 ಹೆಜ್ಜೆ ಹಾಕಿದರೆ ಅದೇ ಪಿಚ್. ಟೆನಿಸ್ ಬಾಲಿಗೆ ಎಲ್ಲರೂ ಪಟ್ಟಿ ಹಾಕಬೇಕು. ದುಡ್ಡು ಇಲ್ಲದವನಿಗೆ ಫೀಲ್ಡಿಂಗ್ ಮಾತ್ರ ಎಂಬ ನಿಯಮ ಇತ್ತು, ಆದರೆ ಅದನ್ನು ಯಾರೂ ಪಾಲಿಸಲಿಲ್ಲ.

ಫುಟ್‌ಬಾಲ್ ತಂದವರು ಶಾಲೆಯ ದೈಹಿಕ ಶಿಕ್ಷಕರು. ಅವರು ಧಾರವಾಡದಲ್ಲಿ ಕಾಲೇಜು ಓದುವಾಗ ಆಡಿದವರು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಿಂದ ತಮ್ಮ ಪಗಾರದಲ್ಲೇ ಚರ್ಮದ ಚೆಂಡು ಕೊಂಡು ತಂದರು. ಒಳಗೆ ರಬ್ಬರ್ ಬ್ಲ್ಯಾಡರ್, ಮೇಲೆ ಲೇಸ್. ಜಾಲಿ ಮುಳ್ಳು ಚುಚ್ಚಿದರೆ ಲೇಸ್ ಬಿಚ್ಚಿ, ಬ್ಲ್ಯಾಡರ್ ಎಳೆದು, ಸೈಕಲ್ ಅಂಗಡಿಗೆ ಓಡುತ್ತಿದ್ದೆವು. ಅಲ್ಲಿ ಪ್ಯಾಚ್ ಹಾಕಿ, ನೀರಿನ ಬುಟ್ಟಿಯಲ್ಲಿ ಅದ್ದಿ, ಗುಳ್ಳೆ ಬರುತ್ತದೋ ಎಂದು ನೋಡುವುದು. ಗುಳ್ಳೆ ಬರಲಿಲ್ಲ ಎಂದರೆ ಎಲ್ಲರೂ ಕೇಕೆ ಹಾಕುವುದು. ಮಳೆಯಲ್ಲಿ ಚರ್ಮ ನೀರು ಕುಡಿದು ಚೆಂಡು ಎಷ್ಟು ಭಾರವಾಗುತ್ತಿತ್ತೆಂದರೆ, ತಲೆ ಕೊಟ್ಟವನಿಗೆ ರಾತ್ರಿವರೆಗೆ ತಲೆ ಧಿಮ್ಮೆನ್ನುತ್ತಿತ್ತು. ಬರಿಗಾಲಲ್ಲೇ ಆಟ. ಒಂದು ಗೋಲಿನ ಎಡಗಂಬ ಮಾತ್ರ ನಿಜವಾದ ಕಲ್ಲು. ಅಲ್ಲಿ ಮೊಣಕಾಲೆತ್ತರದ ಬಾಂದು ಕಲ್ಲು, ಅಂದರೆ ಗಡಿ ಕಲ್ಲು, ಇತ್ತು. ಬಲಗಂಬಕ್ಕೆ ಚಪ್ಪಲಿ ರಾಶಿ. ಈ ಕಲ್ಲಿನ ವಿಷಯ ಮುಂದೆ ಬರುತ್ತದೆ.

2023ರ ದಸರಾಕ್ಕೆ ಊರಿಗೆ ಹೋಗಿದ್ದೆ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ಹಬ್ಬಕ್ಕೆ ತಪ್ಪದೆ ಹೋಗುತ್ತೇನೆ. ಡೇರಿ ನಡೆಸುವ ಗೆಳೆಯ ಸುದ್ದಿ ಹೇಳಿದ. ಬಯಲಿನ ಜಾಗದಲ್ಲಿ ಕಸ ವಿಲೇವಾರಿ ಘಟಕ ಕಟ್ಟುವ ಮಾತು ನಡೆದಿದೆಯಂತೆ. ಎರಿ ಮಣ್ಣಲ್ಲಿ ಪಾಯ ಹಾಕಿದರೆ ಖರ್ಚು ಜಾಸ್ತಿ. ಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಗೋಡೆ ಸೀಳುತ್ತದೆ. ಹಾಗಾಗಿ ಕಟ್ಟುವವರ ಕಣ್ಣೂ ಮಸಾರಿ ಮೇಲೇ ಬಿದ್ದಿತ್ತು. ಅವರ ಲೆಕ್ಕ ಅವರಿಗೆ ಸರಿ. ಊರಿಗೆ ಕಸದ ಘಟಕವೂ ಬೇಕು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಹಳೆಯ ತಂಡದಲ್ಲಿ ಊರಲ್ಲೇ ಉಳಿದವರು ಐದಾರು ಮಂದಿ. ಮರುದಿನ ಬನ್ನಿ ಕೊಡಲು ಬಂದ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ ಮಾತಾಡಿದೆವು. ಏನಾದರೂ ಮಾಡಲೇಬೇಕು ಎಂದು ಅಲ್ಲೇ ತೀರ್ಮಾನವಾಯಿತು.

ಮೊದಲು ತೆಗೆಸಿದ್ದು ಉತಾರ. ನಾಡಕಚೇರಿಯಲ್ಲಿ ಸರ್ವೆ ನಂಬರ್ ಹೇಳಿದರೆ ಕೈಗೆ ಬರುತ್ತದೆ. ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಅಲ್ಲಿ ‘ಸರ್ಕಾರ, ಗೈರಾಣ’ ಎಂದಿತ್ತು. ಗೈರಾಣ ಎಂದರೆ ಗೋಮಾಳ. ಕಾಲಂ 11ರಲ್ಲಿ ಇತರೆ ಹಕ್ಕು ಮತ್ತು ಋಣ. ಅದು ಖಾಲಿ. ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋದೆವು. ಊರಲ್ಲಿ ಈಗಲೂ ಅವರನ್ನು ತಲಾಟಿ ಎಂದೇ ಕರೆಯುತ್ತಾರೆ. ಒಳ್ಳೆಯ ಹುಡುಗ, ಮಾತು ನೇರ.

“ಇದು ದನ ಮೇಯೂ ಜಾಗ ಐತ್ರೀ ಸರ. ಮೈದಾನ ಅಂತ ಎಲ್ಲೂ ಬರದಿಲ್ಲ. ನೀವು ಆಡೀರಿ ಅಂದ್ರ ಆತೇನ್ರೀ, ಕಾಗದ ಬೇಕಲ್ಲ?”

ಅವರೇ ದಾರಿಯನ್ನೂ ಹೇಳಿದರು. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 71ರ ಪ್ರಕಾರ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಹಾಗೆ ಕಾಯ್ದಿರಿಸಿದ ಮೇಲೆ ಅವರ ಅನುಮತಿ ಇಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಅರ್ಜಿ ತಹಶೀಲ್ದಾರರಿಗೆ ಕೊಡಬೇಕು. ಅಲ್ಲಿಂದ ಸರ್ಕಲ್ (ಕಂದಾಯ ನಿರೀಕ್ಷಕರು), ತಲಾಟಿ ವರದಿ, ಸರ್ವೆ, ಮತ್ತೆ ತಹಶೀಲ್ದಾರ್, ಉಪವಿಭಾಗಾಧಿಕಾರಿ, ಕೊನೆಗೆ ಜಿಲ್ಲಾಧಿಕಾರಿ. ಈ ದಾರಿ ಉದ್ದ ಎನ್ನುವುದು ಅಲ್ಲೇ ಗೊತ್ತಾಯಿತು.

ಅರ್ಜಿ ಬರೆಯುವ ಮುಂಚೆ ಎಷ್ಟು ಜಾಗ ಕೇಳುತ್ತೀರಿ ಎಂದು ಲೆಕ್ಕ ಹಾಕಿಕೊಳ್ಳಿ. ‘ಮೈದಾನ ಬೇಕು’ ಎಂದಷ್ಟೇ ಬರೆದರೆ ಯಾರಾದರೂ ಎರಡು ಎಕರೆಗೆ ಇಳಿಸಿಬಿಡುತ್ತಾರೆ. ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಸುಮಾರು 1 ಎಕರೆ 31 ಗುಂಟೆ. ಕ್ರಿಕೆಟ್ಟಿಗೆ ಪಿಚ್ಚಿನಿಂದ ಬೌಂಡರಿಗೆ 65 ಮೀಟರ್ ಇಟ್ಟರೂ ವೃತ್ತ 3 ಎಕರೆ ದಾಟುತ್ತದೆ. ಸುತ್ತ ಜನ ನಿಲ್ಲಲು, ಗಾಡಿ ನಿಲ್ಲಿಸಲು ಸೇರಿಸಿದರೆ ನಾಲ್ಕು ಎಕರೆ ಜಾಸ್ತಿ ಏನಲ್ಲ. ಈ ಲೆಕ್ಕವನ್ನು ಅರ್ಜಿಯಲ್ಲೇ ಬರೆದೆವು. ಮುಂದೆ ಯಾರೂ ‘ಯಾಕೆ ಇಷ್ಟು’ ಎಂದು ಕೇಳಲಿಲ್ಲ.

ಎರಡನೆಯದು ಗ್ರಾಮ ಪಂಚಾಯಿತಿ ಠರಾವು, ಅಂದರೆ ಸಭೆಯ ನಿರ್ಣಯ. ಇದಿಲ್ಲದೆ ಫೈಲು ಒಂದು ಮೇಜೂ ದಾಟುವುದಿಲ್ಲ. ಸದಸ್ಯರಲ್ಲಿ ಇಬ್ಬರು ನಮ್ಮ ಜೊತೆ ಆಡಿದವರು. ಆದರೂ ಸಭೆ ಸುಲಭವಾಗಿ ಮುಗಿಯಲಿಲ್ಲ. ಕುರಿ ಸಾಕುವ ಹಿರಿಯರೊಬ್ಬರು ಎದ್ದು ನಿಂತರು.

“ತಮ್ಮಾ, ನೀವು ಹುಬ್ಬಳ್ಳ್ಯಾಗ ಇರಾವ್ರು. ಹಬ್ಬಕ್ಕ ಬರ್ತೀರಿ, ಹೋಗ್ತೀರಿ. ನಮ್ಮ ಕುರಿ ಎಲ್ಲಿ ಮೇಯಬೇಕು?”

ಅವರ ಮಾತಿನಲ್ಲಿ ಸತ್ಯವಿತ್ತು. ಆ ಬಯಲು ನಮ್ಮ ಆಟಕ್ಕಿಂತ ಹಳೆಯದು. ನಾವು ಆಡುವಾಗಲೂ ಅವರ ಕುರಿ ಬೌಂಡರಿ ಒಳಗೇ ಮೇಯುತ್ತಿದ್ದವು. ಅವರ ಮನೆಗೇ ಹೋಗಿ ಕೂತು ಮಾತಾಡಿದೆವು. ತಂತಿ ಬೇಲಿ ಹಾಕುವುದಿಲ್ಲ, ಬೆಳಗ್ಗೆ ಹೊತ್ತು ಕುರಿ ಮೇಯಲು ತಕರಾರಿಲ್ಲ ಎಂದು ಬರೆದುಕೊಟ್ಟೆವು. ಠರಾವಿನಲ್ಲೂ ಅದನ್ನು ಸೇರಿಸಿದರು. ಇಂಥ ಮಾತನ್ನು ಮೊದಲೇ ಮುಗಿಸಿಕೊಂಡರೆ ಒಳ್ಳೆಯದು. ಊರಲ್ಲಿ ಒಬ್ಬರ ತಕರಾರು ಅರ್ಜಿ ಬಿದ್ದರೂ ಫೈಲು ವಾಪಸ್ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಊರವರಿಗೆ ನೋವು ಮಾಡಿ ಪಡೆದ ಮೈದಾನದಲ್ಲಿ ಆಡಲು ಮನಸ್ಸು ಬರುತ್ತದಾ? ಕಸದ ಘಟಕಕ್ಕೆ ಊರಿನ ಇನ್ನೊಂದು ಬದಿಯ ಸರ್ಕಾರಿ ಜಾಗವನ್ನು ಅದೇ ಸಭೆಯಲ್ಲಿ ಸೂಚಿಸಿದರು.

ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆವು. ದಯವಿಟ್ಟು ಸ್ವೀಕೃತಿ ಇಲ್ಲದೆ ಯಾವ ಕಾಗದವನ್ನೂ ಕೊಡಬೇಡಿ. ಮುದ್ರೆ, ತಾರೀಖು, ನಂಬರ್, ಮೂರೂ ಇರಬೇಕು. ತಿಂಗಳಾದರೂ ಸುದ್ದಿ ಇಲ್ಲ. ವಿಚಾರಿಸಿದರೆ ‘ಪ್ರಕ್ರಿಯೆಯಲ್ಲಿದೆ’. ಹೊರಗೆ ಚಹಾ ಅಂಗಡಿ ಮುಂದೆ ಒಬ್ಬ ಬಂದು, ಇಷ್ಟು ಕೊಟ್ಟರೆ ಫೈಲು ಓಡಿಸುತ್ತೇನೆ ಎಂದ. ನಾವು ಕೊಡಲಿಲ್ಲ. ಅದರ ಬದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜಾಸ್ತಿ ಬರೆದರೆ ಅದನ್ನೇ ನೆಪ ಮಾಡಿ ತಿರಸ್ಕರಿಸಬಹುದು. ನಾವು ಕೇಳಿದ್ದು ಇಷ್ಟೇ: ನಮ್ಮ ಅರ್ಜಿ ಈಗ ಯಾರ ಮೇಜಿನಲ್ಲಿದೆ, ಅದರ ಮೇಲೆ ಬರೆದ ಟಿಪ್ಪಣಿಗಳ ನಕಲು ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾಯ್ದೆ. ಉತ್ತರಕ್ಕಿಂತ ಮುಂಚೆ ಫೈಲೇ ಅಲುಗಾಡಿತು. ಸರ್ಕಲ್ ಫೋನು ಮಾಡಿ, ಸ್ಥಳ ನೋಡಲು ಬರುತ್ತೇನೆ ಎಂದರು.

ಇಲ್ಲಿ ಬಂದದ್ದು ನಾವು ಕನಸಲ್ಲೂ ಎಣಿಸದ ಪ್ರಶ್ನೆ. ಊರಲ್ಲಿ ದನ ಎಷ್ಟಿವೆ?

ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೈರಾಣ ಇರಬೇಕು. ಅದಕ್ಕಿಂತ ಹೆಚ್ಚು ಇದ್ದರೆ ಆ ಹೆಚ್ಚುವರಿಯಲ್ಲಿ ಬೇರೆ ಉದ್ದೇಶಕ್ಕೆ ಕೇಳುವುದು ಸುಲಭ. ಕೊರತೆ ಇದ್ದರೆ ಕಷ್ಟ. ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ದೃಢೀಕರಣ ತರಲು ಹೇಳಿದರು. 2019ರ ಗಣತಿಯ ಅಂಕಿ ಸಿಕ್ಕಿತು. ನಾವು ಸಣ್ಣವರಿದ್ದಾಗ ಸಂಜೆ ದನ ಊರೊಳಗೆ ಬರುವ ಹೊತ್ತಿಗೆ ಆಟ ನಿಲ್ಲಿಸಬೇಕಿತ್ತು. ದೂಳಿನಲ್ಲಿ ಚೆಂಡೇ ಕಾಣುತ್ತಿರಲಿಲ್ಲ. ಈಗ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋಗಿವೆ. ಆ ಕಾಗದದಲ್ಲಿದ್ದ ಸಂಖ್ಯೆ ನೋಡಿ ನಮ್ಮಲ್ಲಿ ಒಬ್ಬನಿಗೂ ಮಾತು ಹೊರಡಲಿಲ್ಲ. ನಮ್ಮ ಕೆಲಸಕ್ಕೆ ಅನುಕೂಲವಾದ ಸಂಖ್ಯೆಯೇ ಅದು, ಗೈರಾಣ ಹೆಚ್ಚುವರಿ ಇದೆ ಎಂದು ತೋರಿಸಿತು. ಆದರೂ ಖುಷಿ ಪಡಲು ಆಗಲಿಲ್ಲ. ಎತ್ತು ಮಾರಿದ ದಿನ ಅಪ್ಪ ಊಟ ಬಿಟ್ಟದ್ದು ನನಗೆ ನೆನಪಿದೆ.

ಆಮೇಲೆ ಪುರಾವೆ. ಈ ಜಾಗದಲ್ಲಿ ವರ್ಷಾನುಗಟ್ಟಲೆ ಆಟ ನಡೆದಿದೆ ಎಂದು ತೋರಿಸಿದರೆ ವರದಿ ಗಟ್ಟಿಯಾಗುತ್ತದೆ ಎಂದು ಸರ್ಕಲ್ ಹೇಳಿದರು. ಎಲ್ಲರೂ ಮನೆಯ ಟ್ರಂಕು, ಅಟ್ಟ ಹುಡುಕತೊಡಗಿದೆವು. ಶಾಲೆಯಲ್ಲಿ ಹಳೆಯ ಕ್ರೀಡಾ ರಿಜಿಸ್ಟರ್ ಸಿಕ್ಕಿತು. ವಲಯ ಮಟ್ಟದ ಕ್ರೀಡಾಕೂಟ ಇದೇ ಬಯಲಿನಲ್ಲಿ ನಡೆದ ದಾಖಲೆ ಅದರಲ್ಲಿತ್ತು. ಮುಖ್ಯ ಶಿಕ್ಷಕರು ಅದರ ಮೇಲೆ ದೃಢೀಕರಣ ಬರೆದುಕೊಟ್ಟರು. ಒಬ್ಬರ ಮನೆಯಲ್ಲಿ ಕಪ್ ಹಿಡಿದು ನಿಂತ ತಂಡದ ಫೋಟೋ ಇತ್ತು, ಹಿಂದೆ ಜಾಲಿ ಗಿಡ, ಅದರಾಚೆ ಊರ ಗುಡಿಯ ಶಿಖರ. ಜಾಗ ಯಾವುದೆಂದು ಬೇರೆ ಹೇಳಬೇಕಿರಲಿಲ್ಲ.

ಆದರೆ ಕೇಸು ನಿಂತದ್ದು ಒಂದು ಕರಪತ್ರದ ಮೇಲೆ. ನಮ್ಮ ಓಪನಿಂಗ್ ಬೌಲರ್‌ನ ಅಕ್ಕ, ತಮ್ಮದೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೊತೆ ಅದನ್ನು ಮಡಿಚಿ ಇಟ್ಟಿದ್ದರು. ಗುಲಾಬಿ ಬಣ್ಣದ ತೆಳು ಕಾಗದ, ಮಡಿಕೆಯಲ್ಲಿ ಹರಿದಿತ್ತು. ಗದಗಿನ ಪ್ರೆಸ್ಸಿನಲ್ಲಿ ಅಚ್ಚಾದದ್ದು. ‘ಭಾರಿ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ’ ಎಂದು ದಪ್ಪ ಅಕ್ಷರ. ಪ್ರವೇಶ ಫೀ 51 ರೂಪಾಯಿ, ಪ್ರಥಮ ಬಹುಮಾನ 501. ‘ನಿರ್ಣಾಯಕರ ತೀರ್ಮಾನವೇ ಅಂತಿಮ’. ‘ಬಂದ ತಂಡಗಳಿಗೆ ಊಟದ ವ್ಯವಸ್ಥೆ ಇದೆ’. ಅದರ ಕೆಳಗೆ: ‘ಸ್ಥಳ: ಊರ ಹೊರಗಿನ ಗೈರಾಣ ಮೈದಾನ’. ಇಸವಿ 1999.

ಆ ವರ್ಷ ನಮಗೆಲ್ಲ ಕ್ರಿಕೆಟ್ ಹುಚ್ಚು ಹತ್ತಿತ್ತು. ಕಾರಣ ಸುನೀಲ ಜೋಶಿ. ಗದಗಿನವರು, ಭಾರತ ತಂಡದ ಎಡಗೈ ಸ್ಪಿನ್ನರ್. ಹುಡುಗರಾಗಿದ್ದಾಗ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರ್ಯಾಕ್ಟೀಸ್ ಮಾಡಿ, ಮತ್ತೆ ಶಾಲೆಗೆ ಗದಗಿಗೆ ಬರುತ್ತಿದ್ದರು ಎಂಬುದನ್ನು ಮಾಸ್ತರು ನಮಗೆ ಸಾವಿರ ಸಲ ಹೇಳಿರಬೇಕು. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಅವರು 10 ಓವರ್ ಹಾಕಿ, 6 ಮೇಡನ್, 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಮರುದಿನ ನಮ್ಮ ಬಯಲಿನಲ್ಲಿ ಬಲಗೈಯವರೂ ಎಡಗೈಯಲ್ಲಿ ಬಾಲ್ ಹಾಕುತ್ತಿದ್ದರು. ಆ ದೀಪಾವಳಿಗೇ ಈ ಪಂದ್ಯಾವಳಿ ಇಟ್ಟದ್ದು.

ಸರ್ಕಲ್ ಆ ಕರಪತ್ರವನ್ನು ಎರಡು ಸಲ ಓದಿದರು. ನಕಲು ಸಾಲದು, ಮೂಲ ತೋರಿಸಿ ಎಂದರು. ಅಕ್ಕ ತಾವೇ ಹಿಡಿದುಕೊಂಡು ಬಂದು ತೋರಿಸಿ, ವಾಪಸ್ ತಾವೇ ಒಯ್ದರು. ನಿಮ್ಮೂರಲ್ಲೂ ಇಂಥ ಕರಪತ್ರ, ಪ್ರಶಸ್ತಿ ಪತ್ರ, ಪೇಪರ್ ತುಣುಕು ಇದ್ದರೆ ಈಗಲೇ ಫೋಟೋ ತೆಗೆದಿಡಿ. ಹೆಣ್ಣುಮಕ್ಕಳ ಹತ್ತಿರ ಮೊದಲು ಕೇಳಿ. ಗಂಡಸರು ಏನನ್ನೂ ಉಳಿಸಿರುವುದಿಲ್ಲ.

ಪಂಚನಾಮೆ ದಿನ ಬಯಲಿನಲ್ಲೇ ಕೂತೆವು. ಮೂರು ತಲೆಮಾರಿನವರು ಹೇಳಿಕೆ ಕೊಟ್ಟರು. ಎಂಬತ್ತು ದಾಟಿದ ಅಜ್ಜರೊಬ್ಬರು, ತಾವು ಅಲ್ಲಿ ಕಬಡ್ಡಿ ಆಡಿದ್ದನ್ನು ಹೇಳಿದರು. ನಿವೃತ್ತರಾದ ನಮ್ಮ ಮಾಸ್ತರು ಧಾರವಾಡದಿಂದ ಬಂದಿದ್ದರು. ಚೆಂಡು ಕೊಂಡ ಕತೆ ಹೇಳುವಾಗ ಅವರ ಗಂಟಲು ಕಟ್ಟಿತು. ಬರೆದುಕೊಳ್ಳುತ್ತಿದ್ದ ತಲಾಟಿ ಪೆನ್ನು ನಿಲ್ಲಿಸಿ ಸುಮ್ನೆ ಕಾದರು. ಆ ಹುಡುಗನ ಮೇಲೆ ಅವತ್ತಿನಿಂದ ನನಗೆ ಗೌರವ.

ಇನ್ನೇನು ಸರ್ವೆ ಆಗಬೇಕು ಎನ್ನುವಾಗ ಲೋಕಸಭೆ ಚುನಾವಣೆ ಬಂತು. 2024ರ ಮಾರ್ಚ್ 16ರಿಂದ ನೀತಿ ಸಂಹಿತೆ. ನಮ್ಮ ಭಾಗದಲ್ಲಿ ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಅಷ್ಟು ದಿನ ಎಲ್ಲ ಸಿಬ್ಬಂದಿ ಚುನಾವಣೆ ಕೆಲಸದಲ್ಲಿ. ಅಷ್ಟರಲ್ಲಿ ಸರ್ಕಲ್‌ಗೆ ವರ್ಗವಾಯಿತು. ಹೊಸಬರಿಗೆ ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ನಮ್ಮಲ್ಲಿ ಕೆಲವರ ಉತ್ಸಾಹ ಆ ಬೇಸಿಗೆಯಲ್ಲಿ ಇಂಗಿಹೋಯಿತು. ಫೋನು ಮಾಡಿದರೆ ‘ನೋಡೋಣ ಬಿಡು’ ಎನ್ನುವ ಮಾತು. ಕೈಬಿಡದೆ ನಿಂತವನು ಡೇರಿಯ ಗೆಳೆಯ. ಎಲ್ಲ ಕಾಗದದ ಎರಡೆರಡು ಪ್ರತಿ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ, ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದ. ಹೊಸ ಅಧಿಕಾರಿಗೆ ಅದನ್ನೇ ಮುಂದಿಟ್ಟಾಗ ಅರ್ಧ ತಾಸಿನಲ್ಲಿ ವಿಷಯ ಅರ್ಥವಾಯಿತು. ಚುನಾವಣೆ ಹತ್ತಿರವಿದ್ದರೆ ನೀವು ಮೊದಲೇ ಸರ್ವೆ ಮುಗಿಸಿಕೊಳ್ಳಲು ಒತ್ತಾಯ ಮಾಡಿ.

ಸರ್ವೆ ನಡೆದದ್ದು ಮಳೆಗಾಲದ ನಡುವೆ ಸಿಕ್ಕ ಬಿಸಿಲಿನಲ್ಲಿ. ಇಲ್ಲಿ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಭಾರವಾದ ಸಂಗತಿ ಎದುರಾಯಿತು. ಬಯಲಿನ ಪಡುವಣ ಬದಿಯಲ್ಲಿ ಶೇಂಗಾ ಬೆಳೆದು ನಿಂತಿತ್ತು. ಪಕ್ಕದ ಹೊಲದವರು ವರ್ಷಕ್ಕೊಂದಿಷ್ಟು ಸಾಲು ಮುಂದೆ ಹೊಡೆದುಕೊಂಡು ಬಂದಿದ್ದರು. ಬಾಂದು ಕಲ್ಲು ಇರಲೇ ಇಲ್ಲ. ಆ ಹೊಲ ಯಾರದ್ದು ಎಂದರೆ, ನಮ್ಮ ವಿಕೆಟ್ ಕೀಪರ್‌ನದ್ದು. ಗ್ಲೌಸ್ ಇಲ್ಲದೆ ಬರಿಗೈಯಲ್ಲಿ ಕಾರ್ಕ್ ಬಾಲ್ ಹಿಡಿಯುತ್ತಿದ್ದವನು.

ಸರ್ವೇಯರ್ ಹಳೆಯ ನಕ್ಷೆ ಬಿಚ್ಚಿ, ಗಟ್ಟಿ ಉಳಿದಿದ್ದ ಮೂಲೆಯ ಕಲ್ಲಿನಿಂದ ಅಳೆಯಲು ಶುರು ಮಾಡಿದರು. ಕಳೆದ ಕಲ್ಲು ಎಲ್ಲಿತ್ತು ಎಂದು ಕೇಳಿದಾಗ ನಾವೆಲ್ಲ ಒಟ್ಟಿಗೆ ಒಂದೇ ಕಡೆ ಕೈ ತೋರಿಸಿದೆವು. ಅದು ನಮ್ಮ ಗೋಲಿನ ಎಡಗಂಬ ಅಲ್ವಾ, ಮರೆಯುವುದು ಹೇಗೆ? ಅಳತೆ ಹೋಗಿ ನಿಂತದ್ದೂ ಅದೇ ಸುತ್ತಿನಲ್ಲಿ, ಶೇಂಗಾ ಸಾಲಿನ ಒಳಗೆ. ಸರ್ವೇಯರ್ ವಯಸ್ಸಾದವರು, ಸರಪಳಿ ಹಿಡಿದು ಕೆಲಸ ಕಲಿತವರು. ಅಳತೆ ಬರೆದುಕೊಳ್ಳುತ್ತಾ ಒಂದು ಮಾತು ಹೇಳಿದರು.

“ನಮ್ಮ ಸರಪಳಿ 33 ಫೂಟು. ಉದ್ದ ಒಂದು, ಅಗಲ ಒಂದು ಅಂದ್ರ ಗುಂಟೆ. ಎರಡು ಸರಪಳಿ ಸೇರಿಸಿದ್ರ 66 ಫೂಟು, ನಿಮ್ಮ ಕ್ರಿಕೆಟ್ ಪಿಚ್. ಬ್ರಿಟಿಷರು ಭೂಮಿ ಅಳೆಯೂ ಸರಪಳೀಲೇ ಪಿಚ್ಚೂ ಅಳದಾರ.”

22 ಗಜ ಎಂದು ಬಾಯಿಪಾಠ ಮಾಡಿದ್ದ ನಮಗೆ ಅದು ಎಲ್ಲಿಂದ ಬಂತೆಂದು ಅವತ್ತೇ ತಿಳಿದದ್ದು. 66 ಅಡಿಯ ಸರಪಳಿ ಇಂಗ್ಲೆಂಡಿನಲ್ಲಿ 1620ರ ಸುಮಾರಿಗೇ ಬಂದದ್ದಂತೆ.

ವಿಕೆಟ್ ಕೀಪರ್ ದೂರದಲ್ಲಿ ತನ್ನ ಬದುವಿನ ಮೇಲೆ ನಿಂತಿದ್ದ. ಒತ್ತುವರಿ ತೆರವಿಗೆ ಕಾನೂನು ಇದೆ. ಹಳ್ಳಿಯ ಸಾರ್ವಜನಿಕ ಜಾಗದ ಒತ್ತುವರಿ ತೆಗೆಯಬೇಕೆಂದು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ನೋಟಿಸ್ ಕೊಡಿಸೋಣ ಎಂದು ನಮ್ಮಲ್ಲೇ ಒಬ್ಬ ಹೇಳಿದ. ನನಗೆ ಬೇಡವೆನಿಸಿತು. ಸಂಜೆ ಡೇರಿ ಗೆಳೆಯನೂ ನಾನೂ ಅವನ ಮನೆಗೆ ಹೋದೆವು. ಅವನ ಹೆಂಡತಿ ಚಹಾ ಕೊಟ್ಟರು. ಬಹಳ ಹೊತ್ತು ಮಳೆ, ಬೆಲೆ, ಮಕ್ಕಳ ಓದು ಇದೇ ಮಾತು. ಕೊನೆಗೆ ಅವನೇ ಬಾಯಿ ತೆರೆದ.

“ಹಿಂದಿನ ವರ್ಷ ಬರ ಬಿತ್ತು, ಏನೂ ಬರಲಿಲ್ಲ. ನಿಮ್ಗ ಗೊತ್ತೈತಿ. ಈ ಶೇಂಗಾ ಕೀಳೂತನ ಬಿಡ್ರಿ. ಆಮ್ಯಾಲ ನಾನ ಕಲ್ಲ ಹುಗಸ್ತೀನಿ.”

2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಅವನ ಮಾತು ಸುಳ್ಳಲ್ಲ. ಶೇಂಗಾ ಕಿತ್ತ ಮೇಲೆ, ಸರ್ವೇಯರ್ ಗುರುತು ಹಾಕಿದ ಜಾಗದಲ್ಲಿ ಅವನೇ ಗುಣಿ ತೋಡಿ ಕಲ್ಲು ನಿಲ್ಲಿಸಿದ. ಬೆಳೆ ನಿಂತಿರುವಾಗ ತೆರವು ಮಾಡಿಸಲು ಹೋಗಬೇಡಿ. ಒಂದು ಸುಗ್ಗಿ ಕಾದರೆ ನಿಮಗೆ ಹೋಗುವುದು ಎರಡು ತಿಂಗಳು. ಕಾಯದಿದ್ದರೆ ಜೀವಮಾನದ ಗೆಳೆಯ ಹೋಗುತ್ತಾನೆ.

ಇಲ್ಲಿಂದ ಮುಂದೆ ಕತೆ ಚಿಕ್ಕದು. ಸರ್ವೆ ನಕ್ಷೆ, ಪಂಚನಾಮೆ, ಠರಾವು, ಗಣತಿ, ಶಾಲೆಯ ದೃಢೀಕರಣ ಎಲ್ಲ ಸೇರಿ ತಹಶೀಲ್ದಾರರ ವರದಿ ಮೇಲಕ್ಕೆ ಹೋಯಿತು. ಒಮ್ಮೆ ನಕ್ಷೆಯಲ್ಲಿ ಚಕಬಂದಿ ಬರೆದಿಲ್ಲ ಎಂದು ವಾಪಸ್ ಬಂತು. ನಾಲ್ಕು ದಿಕ್ಕಿಗೆ ಯಾವ ಸರ್ವೆ ನಂಬರ್ ಎಂದು ಬರೆಸಿ ಮತ್ತೆ ಕಳಿಸಿದರು. ಇದನ್ನು ನೀವು ಮೊದಲೇ ನೋಡಿಕೊಳ್ಳಿ. 2025ರ ಆರಂಭದಲ್ಲಿ ಆದೇಶ ಬಂತು. ಆದೇಶ ಬಂದರೆ ಕೆಲಸ ಮುಗಿಯಿತೆಂದು ಮನೆಗೆ ಹೋಗಬೇಡಿ. ಅದು ಉತಾರಕ್ಕೆ ಏರಬೇಕು. ಏರಿಸುವವರಿಗೆ ನೀವೇ ನೆನಪು ಮಾಡಬೇಕು. ಕಾಲಂ 11ರಲ್ಲಿ ಆದೇಶದ ನಂಬರ್, ತಾರೀಖು, ವಿಸ್ತೀರ್ಣ ಮೂರೂ ಸರಿ ಇವೆಯೇ ನೋಡಿ. ನಮ್ಮದರಲ್ಲಿ ಮೊದಲ ಸಲ ಗುಂಟೆ ತಪ್ಪು ಬಿದ್ದಿತ್ತು, ತಿದ್ದುಪಡಿಗೆ ಮತ್ತೆ ಅರ್ಜಿ ಕೊಡಬೇಕಾಯಿತು.

ಖರ್ಚಿನ ಮಾತು. ಬಸ್ಸು, ಜೆರಾಕ್ಸು, ನಕಲು ಶುಲ್ಕ, ಬಂದವರಿಗೆ ಊಟ-ಚಹಾ ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ ಆಗಿದೆ. ಮೊದಲಿನ ಹಾಗೆ ಪಟ್ಟಿ ಹಾಕಿಯೇ ಕೂಡಿಸಿದೆವು. ಬೆಂಗಳೂರಿನಲ್ಲಿರುವ ನಮ್ಮ ಗೋಲ್ ಕೀಪರ್ ತನ್ನ ಪಾಲಿಗಿಂತ ಜಾಸ್ತಿ ಕಳಿಸಿದ. ವಕೀಲರ ಅಗತ್ಯ ಬೀಳಲಿಲ್ಲ. ಕೆಲಸದಿಂದ ರಜೆ ಹಾಕಿದ್ದು ಬೇರೆ ಲೆಕ್ಕ.

ನೆಲ ಸಮ ಮಾಡುವುದು ಉದ್ಯೋಗ ಖಾತ್ರಿಯಲ್ಲಿ ಆಯಿತು. ಅದಕ್ಕೆ ಕಾಮಗಾರಿ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿ ಇರಬೇಕಿತ್ತು. ಮುಂದಿನ ವರ್ಷದ ಯೋಜನೆಗೆ ಗ್ರಾಮ ಸಭೆ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಆದೇಶ ಬರುವ ಮುಂಚೆಯೇ, 2024ರ ಅಕ್ಟೋಬರ್‌ನಲ್ಲಿ, ನಾವು ಹೋಗಿ ಹೆಸರು ಸೇರಿಸಿದ್ದೆವು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕಿತ್ತು. ಈ ಯೋಜನೆಯಲ್ಲಿ ಜೆಸಿಬಿ ಬಳಸುವಂತಿರಲಿಲ್ಲ, ಕೈಕೆಲಸವೇ ಆಗಬೇಕಿತ್ತು. 2025ರ ಏಪ್ರಿಲ್‌ನಿಂದ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು. ಬೆಳಗಿನ ತಂಪಿನಲ್ಲಿ ಊರ ಹೆಣ್ಣುಮಕ್ಕಳೇ ಜಾಸ್ತಿ ಬಂದು ಕಲ್ಲು ಆರಿಸಿ, ದಿಬ್ಬ ಕಡಿದು, ತಗ್ಗು ತುಂಬಿದರು. ಕೆಲಸ ಮಾಡುವಾಗಲೇ ಒಬ್ಬ ತಾಯಿ ನನ್ನನ್ನು ಕೇಳಿದರು, ಇಲ್ಲಿ ಹುಡುಗಿಯರಿಗೂ ಆಡಲು ಬಿಡುತ್ತೀರಾ ಎಂದು. ನಮ್ಮ ಕಾಲದಲ್ಲಿ ಅಕ್ಕ-ತಂಗಿಯರು ಬೌಂಡರಿ ಆಚೆ ನಿಂತು ನೋಡಿದ್ದೇ ಹೊರತು ಆಡಲಿಲ್ಲ. ಪಂಚಾಯಿತಿ ಜೊತೆ ಮಾತಾಡಿ, ಸಂಜೆ ಶಾಲೆ ಬಿಟ್ಟ ಮೇಲೆ ಮೊದಲ ತಾಸು ಹುಡುಗಿಯರಿಗೆ ಎಂದು ಗೊತ್ತು ಮಾಡಿದ್ದೇವೆ. ಈಗಿನ ದೈಹಿಕ ಶಿಕ್ಷಕಿ ಅದರ ಜವಾಬ್ದಾರಿ ಹೊತ್ತಿದ್ದಾರೆ.

ಉಳಿದಿರುವುದು ಗೋಲ್ ಕಂಬ. ಅಳತೆಯ ಪ್ರಕಾರ 24 ಅಡಿ ಅಗಲ, 8 ಅಡಿ ಎತ್ತರ. ವೆಲ್ಡಿಂಗ್ ಅಂಗಡಿಗೆ ಪೈಪು ಕೊಟ್ಟಿದ್ದೇವೆ. ಮುಂಗಾರು ಹಿಡಿಯುವ ಮುಂಚೆ ನಿಲ್ಲಿಸಬೇಕು, ಮಳೆ ಬಂದರೆ ಫುಟ್‌ಬಾಲ್ ಶುರುವಾಗುತ್ತದೆ.